ಗಡಿಗೆಗೆ ಒಪ್ಪುವ ಹೆಡ್‌ಫೋನು

ನಾನು ಪರದೇಶ ನೋಡಿ ಬಂದವನು ಎಂದರೆ ರಾಯಚೂರಿನಲ್ಲಿ ಒಬ್ಬರೂ ಒಪ್ಪುವುದಿಲ್ಲ. ವಿಮಾನ ಹತ್ತಿದೆಯಾ ಎಂದು ಕೇಳುತ್ತಾರೆ. ಇಲ್ಲ. ಹಡಗು? ಅದೂ ಇಲ್ಲ. ಸೈಕಲ್ ರಿಕ್ಷಾದಲ್ಲಿ ಕೂತು ಗಡಿ ದಾಟಿದೆ ಅಂದ ಕೂಡಲೇ ನಕ್ಕು, ಚಹಾ ಕುಡಿಯೋಣ ಬಾ ಎಂದು ಮಾತು ತಿರುಗಿಸುತ್ತಾರೆ. ನೇಪಾಳ ಪರದೇಶದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಮ್ಮ ಕಚೇರಿಯ ಹೆಡ್ ಕ್ಲಾರ್ಕ್ ತೀರ್ಪು ಕೊಟ್ಟು ಆಗಿದೆ. ಇರಲಿ. ವಯಸ್ಸಾದ ಅಪ್ಪನನ್ನು ಜೊತೆಗೆ ಕಟ್ಟಿಕೊಂಡು, ಅವನ ಕಿವಿಗೆ ಒಪ್ಪುವ ಹೆಡ್‌ಫೋನು ಹುಡುಕುತ್ತಾ ಕಠ್ಮಂಡುವಿನವರೆಗೆ ಹೋಗಿ ಬಂದವನ ಪಾಡನ್ನಾದರೂ ಕೇಳಿ, ಆಮೇಲೆ ನಗಿ.

ರಾಯಚೂರಿನ ಕೋಟೆಯ ಕೆಳಗೆ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ನಾನು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್. ಗಂಜ್ ಮಾರುಕಟ್ಟೆಯಲ್ಲಿ ಹತ್ತಿಯ ಅಂಡಿಗೆ ಮೂಟೆ ಹೊತ್ತು ನನ್ನನ್ನು ಓದಿಸಿದವನು ಅಪ್ಪ. ಮಗಳು ಸುಜಾತಾ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಳು. ನಮ್ಮ ವಂಶದಲ್ಲಿ ಆ ಪುಸ್ತಕ ಬಿಚ್ಚಿದ ಮೊದಲ ಹೆಣ್ಣು ಅವಳೇ. ಆದರೆ ಎರಡನೆಯ ವರ್ಷದ ನಡುವಿನ ಪರೀಕ್ಷೆಯಲ್ಲಿ ಗಣಿತದಲ್ಲಿ ಬಿದ್ದಳು, ಭೌತಶಾಸ್ತ್ರದಲ್ಲೂ ಬಿದ್ದಳು. ಮಾನ್ವಿಯಲ್ಲಿರುವ ನನ್ನ ಹೆಂಡತಿಯ ಅಣ್ಣ ಅದನ್ನು ಕೇಳಿದ್ದೇ ತಡ, ಬಂದು ಕೂತು ತನ್ನ ಮಗನಿಗೆ ಅವಳನ್ನು ಕೇಳಿದ. ಹೆಂಡತಿ ನನ್ನ ಮುಖವನ್ನೂ ನೋಡದೆ ಮಾತು ಕೊಟ್ಟುಬಿಟ್ಟಳು: ವಾರ್ಷಿಕ ಪರೀಕ್ಷೆ ಪಾಸಾದರೆ ಮುಂದೆ ಓದಲಿ, ಫೇಲಾದರೆ ನಿಮ್ಮ ಮನೆಯ ಸೊಸೆ. ಮಗಳು ಪುಸ್ತಕದ ಮೇಲೆ ಇನ್ನಷ್ಟು ಬಗ್ಗಿದಳು.

ಬಗ್ಗಿದರೆ ಏನು ಬಂತು? ಅವಳ ತಲೆಯ ಪಕ್ಕದಲ್ಲೇ ಅಪ್ಪನ ಗಡಿಗೆ ಒದರುತ್ತಿತ್ತು.

ದೇವದುರ್ಗ

ಗಡಿಗೆಯ ವಿಷಯ ಹೇಳದೆ ಪ್ರವಾಸ ಶುರುವಾಗುವುದಿಲ್ಲ. ಅಪ್ಪನ ಹತ್ತಿರ ಒಂದು ಟೇಪ್ ರೆಕಾರ್ಡರ್ ಇತ್ತು. ಅದಕ್ಕೆ ದೇವದುರ್ಗದ ಮೈಕ್ ಸೆಟ್ಟಿನ ಬಾಬುಮಿಯಾ ಹಳೆಯ ಸಾಮಾನು ಸೇರಿಸಿ ಒಂದು ಆಂಪ್ಲಿಫೈಯರ್ ಕಟ್ಟಿಕೊಟ್ಟಿದ್ದ. ಸ್ಪೀಕರನ್ನು ಮಣ್ಣಿನ ಗಡಿಗೆಯ ಬಾಯಿಗೆ ಕೂರಿಸಿದ್ದ. ಹಾಗೆ ಕೂರಿಸಿದರೆ ಧ್ವನಿ ದಪ್ಪಗೆ ಬರುತ್ತದೆ ಎಂಬುದು ಆಗ ಊರೂರಿನಲ್ಲಿ ನಡೆಯುತ್ತಿದ್ದ ವಿದ್ಯೆ. ಅಪ್ಪನ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್. ಅದರಲ್ಲಿದ್ದದ್ದು ಜಾಲಹಳ್ಳಿಯ ತಿಮ್ಮಣ್ಣ ಹಾಡಿದ ತತ್ವಪದಗಳು.

ತಿಮ್ಮಣ್ಣ ಅಪ್ಪನ ಭಜನೆ ತಂಡದ ಮುಂದಿನ ಹಾಡುಗಾರ. ಅವನು ಒಂದು ಸಾಲು ಹಾಡಿದರೆ ಹಿಂದೆ ಕೂತ ಅಪ್ಪ ಅದೇ ಸಾಲನ್ನು ಎತ್ತಿಕೊಂಡು ತಿರುಗಿ ಹಾಡಬೇಕು. ಎತ್ತಿಕೊಳ್ಳದಿದ್ದರೆ ಪದ ನೆಲಕ್ಕೆ ಬಿತ್ತು ಅನ್ನುತ್ತಾರೆ. ಅದು ಹಾಡಿದವನಿಗೆ ಮಾಡಿದ ಅವಮಾನ. ಒಮ್ಮೆ ಬಾಬುಮಿಯಾ ಇವರ ಭಜನೆಯನ್ನು ರೆಕಾರ್ಡ್ ಮಾಡುವಾಗ ತನ್ನ ಒಂದೇ ಮೈಕನ್ನು ತಿಮ್ಮಣ್ಣನ ಬಾಯಿಗೆ ಹಿಡಿದಿದ್ದ. ಹೀಗಾಗಿ ಕ್ಯಾಸೆಟ್ಟಿನಲ್ಲಿ ತಿಮ್ಮಣ್ಣನ ಸಾಲು ಬರುತ್ತದೆ, ಆಮೇಲೆ ತಾಳದ ಗದ್ದಲವಷ್ಟೇ, ಮತ್ತೆ ತಿಮ್ಮಣ್ಣ. ತಿಮ್ಮಣ್ಣ ತೀರಿಕೊಂಡ ಮೇಲೆ ಅಪ್ಪ ದಿನವಿಡೀ ಆ ಕ್ಯಾಸೆಟ್ ಹಾಕಿಕೊಂಡು ಕೂರುತ್ತಿದ್ದ. ತಾಳ ಬಂದಾಗ ಅವನ ಬಾಯಿ ಆಡುವುದು ಕಾಣುತ್ತಿತ್ತು. ಏನೋ ಗುನುಗುತ್ತಾನೆ ಎಂದುಕೊಂಡಿದ್ದೆವು. ಗಡಿಗೆಯ ಅಬ್ಬರದಲ್ಲಿ ಅವನ ಪಾಲು ಎಷ್ಟು ಎಂದು ಯಾರಿಗೆ ಗೊತ್ತು?

ಹೋಗಲಿ, ನಿಲ್ಲಿಸು ಎಂದು ಅವನಿಗೆ ಹೇಳಲು ಮಗಳು ಬಿಡಲಿಲ್ಲ. ಮುತ್ಯಾನಿಗೆ ಯಾರಾದರೂ ಏನಾದರೂ ಅಂದರೆ ಓದುವುದನ್ನೇ ಬಿಡುತ್ತೇನೆ ಎಂದು ಹೆದರಿಸಿದಳು. ಕೊನೆಗೆ ಕಚೇರಿಯಲ್ಲಿ ಯಾರೋ ಹೆಡ್‌ಫೋನಿನ ದಾರಿ ತೋರಿಸಿದರು. ಅಪ್ಪನ ಕಿವಿಗೆ ತಿಮ್ಮಣ್ಣ, ಮಗಳ ಕಿವಿಗೆ ಶಾಂತಿ. ರಾಯಚೂರಿನಲ್ಲಿ ಆ ವಸ್ತು ಸಿಗಲಿಲ್ಲ. ನಮ್ಮ ಓಣಿಯವರು ಒಂದಿಷ್ಟು ಜನ ಬುದ್ಧ ಹುಟ್ಟಿದ ಲುಂಬಿನಿಗೆ ಹೋಗಿ ಬಂದಿದ್ದರು. ಅಲ್ಲಿಂದ ಮುಂದೆ ಕಠ್ಮಂಡುವಿನಲ್ಲಿ ಫಾರಿನ್ ಸಾಮಾನು ರಾಶಿ ಬಿದ್ದಿರುತ್ತದೆ ಎಂದರು. ಅಪ್ಪನಿಗೂ ಲುಂಬಿನಿ ನೋಡುವ ಆಸೆ ಇತ್ತು. ನಾವು ಬುದ್ಧನ ಕಡೆ ಬಂದು ವರ್ಷಗಳಾಗಿದ್ದವು, ಅಪ್ಪನ ಪದಗಳು ಮಾತ್ರ ಹಳೆಯವೇ ಉಳಿದಿದ್ದವು.

ಎಂಥದ್ದು ತರಬೇಕು ಎಂದು ಕೇಳಲು ದೇವದುರ್ಗಕ್ಕೆ ಹೋದೆ. ಬಾಬುಮಿಯಾ ಜನ್ಮದಲ್ಲಿ ಹೆಡ್‌ಫೋನು ಮುಟ್ಟಿದವನಲ್ಲ. ಆದರೂ ತಾನೇ ತಯಾರಿಸಿ ಮಾರುವವನ ಹಾಗೆ ಮಾತಾಡಿದ.

"ನನ್ನ ಡಬ್ಬಿಗಿ ಸ್ಟೀರಿಯೋ ನಡೆಂಗಿಲ್ರಿ, ಒಂದ ಕಿವಿಗಿ ಬರ್ತದ. ದಪ್ಪ ಪಿನ್ನಿಂದು ನೋಡ್ರಿ. ಮತ್ತ ಕಿವಿ ಪೂರ್ತಿ ಮುಚ್ಚಬೇಕು, ಸಂದಿ ಇರಬಾರ್ದು. ಒಂಚೂರು ಸಪ್ಪಳ ಹೊರಗ ಬರಬಾರ್ದು."

ಅದನ್ನು ನಾನು ವೇದವಾಕ್ಯ ಎಂದುಕೊಂಡು ಬಾಯಿಪಾಠ ಮಾಡಿದೆ.

ಸುನೌಲಿ

ಗೋರಖಪುರದಿಂದ ಬಸ್ಸಿನಲ್ಲಿ ಬಂದು ಇಳಿದರೆ ಅದೇ ಗಡಿ. ದೊಡ್ಡ ಕೋಟೆ, ಬಾಗಿಲು ಏನಾದರೂ ಇರುತ್ತದೆ ಎಂದುಕೊಂಡಿದ್ದೆ. ನಮ್ಮ ಸಂತೆಯ ದಿನದ ರಸ್ತೆಯಂತೆ ಇತ್ತು. ಲಾರಿ, ರಿಕ್ಷಾ, ಎತ್ತಿನ ಬಂಡಿ, ಮೇಕೆ, ಎಲ್ಲಾ ದೇಶ ಬದಲಿಸುತ್ತಿದ್ದವು. ನಮ್ಮನ್ನು ಮಾತ್ರ ತಡೆದರು.

ತಡೆದದ್ದಕ್ಕೆ ಕಾರಣ ಅಪ್ಪನ ಡಬ್ಬಿ. ಬೇಡ ಬೇಡ ಅಂದರೂ ಅವನು ದೊಡ್ಡ ತಗಡಿನ ಡಬ್ಬಿಯಲ್ಲಿ ಶೇಂಗಾ ಹಿಂಡಿ ತುಂಬಿಸಿಕೊಂಡಿದ್ದ, ಬಟ್ಟೆಯಲ್ಲಿ ಸಜ್ಜೆಯ ಕಟಿ ರೊಟ್ಟಿ. ನೇಪಾಳದ ಕಡೆಯ ಅಧಿಕಾರಿ ಮುಚ್ಚಳ ತೆಗೆದು ಕೆಂಪು ಪುಡಿಯನ್ನು ಅನುಮಾನದಿಂದ ನೋಡಿದ. ಚಟ್ನಿ ಎಂದೆ. ನಂಬದೆ ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡ. ಆಮೇಲೆ ಅವನಿಗೆ ನೀರು ತರಲು ಇಬ್ಬರು ಓಡಿದರು. ನಮ್ಮನ್ನು ಒಳಗೆ ಹಾಕುತ್ತಾರೆ ಎಂದುಕೊಂಡೆ. ಅಪ್ಪ ಮಾತ್ರ ಮರುಗಿ, ಬರೀ ಹಿಂಡಿ ತಿಂದರೆ ಹೀಗೇ ಆಗುವುದು ಎಂದು ಅವನ ಕೈಗೆ ಎರಡು ರೊಟ್ಟಿ ಕೊಟ್ಟ. ಅಧಿಕಾರಿ ಕಣ್ಣೊರೆಸಿಕೊಳ್ಳುತ್ತಲೇ ಹೋಗಿ ಎಂದು ಕೈ ಮಾಡಿದ.

ಆಚೆ ಹೋದ ಮೇಲೆ ಗಡಿಯಾರದ ರಗಳೆ. ಅವರ ಗಡಿಯಾರ ನಮ್ಮದಕ್ಕಿಂತ ಕೆಲವೇ ನಿಮಿಷ ಮುಂದೆ. ಗಂಟೆಗಟ್ಟಲೆ ಇದ್ದರೆ ಪರದೇಶ ಎಂದಾದರೂ ಒಪ್ಪಬಹುದು. ಇಷ್ಟಕ್ಕೆ ಯಾರು ಮುಳ್ಳು ತಿರುಗಿಸುತ್ತಾರೆ? ತಿರುಗಿಸದೆ ಬಿಟ್ಟದ್ದರಿಂದ ಲುಂಬಿನಿಯ ಬಸ್ಸು ನಮ್ಮ ಕಣ್ಣೆದುರೇ ಹೋಯಿತು. ಹೊತ್ತು ಮುಳುಗುವುದು ಎಲ್ಲರಿಗೂ ಒಂದೇ ಸಲ ಇರುವಾಗ ಇವರು ಅದು ಹೇಗೆ ಮುಂದೆ ಹೋದರು ಎಂದು ಅಪ್ಪ ದಾರಿಯುದ್ದಕ್ಕೂ ನನ್ನನ್ನೇ ಕೇಳಿದ, ನಾನೇ ಹಾಗೆ ಮಾಡಿದೆನೋ ಎಂಬಂತೆ.

ಲುಂಬಿನಿ

ಬಯಲು, ಒಂದು ಕಲ್ಲಿನ ಕಂಬ, ಒಂದು ಕೊಳ, ಮರ. ಅಷ್ಟೇ. ತೆಂಗಿನಕಾಯಿ ಅಂಗಡಿ ಇಲ್ಲ, ನೂಕಾಟ ಇಲ್ಲ. ನೀರಮಾನ್ವಿಯ ಎಲ್ಲಮ್ಮನ ಗುಡಿಯ ಗದ್ದಲ ನೋಡಿದ ನಮಗೆ, ಇಷ್ಟು ದೊಡ್ಡವನು ಹುಟ್ಟಿದ ಜಾಗ ಇಷ್ಟು ಸುಮ್ಮನೆ ಇರುವುದು ನಂಬಲಾಗಲಿಲ್ಲ. ನನಗೆ ಬಹಳ ಸೇರಿತು. ಅಪ್ಪ ಕೊಳದ ಮೆಟ್ಟಿಲ ಮೇಲೆ ಕೂತು, ಅಂಗಿಯ ಒಳಜೇಬಿನಿಂದ ಆ ಕ್ಯಾಸೆಟ್ಟನ್ನು ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ರೆಕಾರ್ಡರ್ ಮನೆಯಲ್ಲಿ ಬಿಟ್ಟು ಬರೀ ಕ್ಯಾಸೆಟ್ ಯಾಕೆ ಹೊತ್ತು ತಂದೆ ಎಂದು ರೇಗಿದೆ.

"ತಿಮ್ಮಣ್ಣನೂ ನೋಡಬೇಕಂತಿದ್ದ," ಎಂದ.

ನಾನು ಹೋಗಿ ಕಂಬದ ನೆರಳಲ್ಲಿ ನಿಂತೆ.

ಬೆಟ್ಟದ ದಾರಿ

ಕಠ್ಮಂಡುವಿನ ಬಸ್ಸು ಹತ್ತಿದ ಮೇಲೆ ನನ್ನ ಪ್ರಾಣ ಬಾಯಿಗೆ ಬಂತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಎಲ್ಲೋ ಕೆಳಗೆ ನದಿ. ಮಾನ್ವಿ ದಾರಿಯಲ್ಲಿ ಸಣ್ಣ ದಿನ್ನೆ ಬಂದರೂ ಗುಡ್ಡ ಎನ್ನುವವರು ನಾವು. ಬಯಲು ಸೀಮೆಯ ಹೊಟ್ಟೆಗೆ ಆ ತಿರುವುಗಳು ಆಗಿಬರಲಿಲ್ಲ. ಕಿಟಕಿಯ ಹೊರಗೆ ತಲೆ ಹಾಕಿದವನು ಒಳಗೆ ತೆಗೆದುಕೊಳ್ಳಲೇ ಇಲ್ಲ. ಪಕ್ಕದ ಹೆಂಗಸು ಒಂದು ಚೂರು ಹಸಿ ಶುಂಠಿ ಕೊಟ್ಟು, ನಾನು ಅಗಿಯುವವರೆಗೂ ಮುಖ ನೋಡುತ್ತಾ ಕೂತಳು. ಅವಳು ಪುಣ್ಯಾತ್ಮಳು. ಅಪ್ಪ ತಿರುವಿಗೊಮ್ಮೆ ನನ್ನ ಭುಜಕ್ಕೆ ಬೀಳುತ್ತಾ ಗೊರಕೆ ಹೊಡೆಯುತ್ತಿದ್ದ.

ನಮ್ಮ ಜಾಲಹಳ್ಳಿ ಬಸ್ಸು ಕೈ ಮಾಡಿದವರಿಗೆಲ್ಲ ನಿಲ್ಲುತ್ತದೆ. ಇಲ್ಲಿಯದು ಹಾಗಲ್ಲ, ಊಟಕ್ಕೆ ನಿಲ್ಲುತ್ತದೆ, ಹಸಿವಿರಲಿ ಬಿಡಲಿ. ಎಲ್ಲಿ ಇಳಿದರೂ ಅನ್ನ ಮತ್ತು ಬೇಳೆ. ನೀವು ತಟ್ಟೆಗೆ ಕೈ ಅಡ್ಡ ಹಿಡಿದರೂ ಮತ್ತೆ ಬಡಿಸುತ್ತಾರೆ. ಜೋಳವಿಲ್ಲದ ದೇಶ ಎಂಥ ದೇಶ ಎಂದು ಅಪ್ಪ ನಿದ್ದೆಯಿಂದ ಎದ್ದು ಎದ್ದು ಕೇಳಿದ. ಹಿಂಡಿಯ ಡಬ್ಬಿ ಬಿಚ್ಚಿ ಊಟಕ್ಕೆ ಕೂತವರಿಗೆಲ್ಲ ಹಂಚಹೊರಟವನನ್ನು ನಾನೇ ಹಿಡಿದು ಕೂರಿಸಿದೆ. ಒಬ್ಬ ಅಧಿಕಾರಿಯ ಗತಿ ನೋಡಿದ್ದೇ ಸಾಕಾಗಿತ್ತು.

ಕಠ್ಮಂಡು, ಶನಿವಾರ

ಅಂಗಡಿಗಳ ಬೀದಿಗೆ ಬೆಳಿಗ್ಗೆಯೇ ಹೋದೆವು. ಎಲ್ಲಾ ಬಾಗಿಲು ಹಾಕಿತ್ತು. ಯಾರೋ ದೊಡ್ಡವರು ತೀರಿಹೋಗಿರಬೇಕು ಎಂದುಕೊಂಡೆ. ವಿಚಾರಿಸಿದರೆ, ಈ ದೇಶದಲ್ಲಿ ವಾರದ ರಜೆ ಶನಿವಾರವಂತೆ, ಭಾನುವಾರ ಎಲ್ಲರೂ ಕೆಲಸಕ್ಕೆ ಹೋಗುತ್ತಾರಂತೆ. ಗಡಿಯಾರದಲ್ಲಿ ಕೆಲವು ನಿಮಿಷ, ವಾರದಲ್ಲಿ ಒಂದು ದಿನ, ಹೀಗೆ ಚೂರು ಚೂರೇ ಬೇರೆಯಾಗಿ ನನ್ನನ್ನು ಕಾಡಲೆಂದೇ ಈ ದೇಶ ಇರುವಂತೆ ಕಂಡಿತು. ಅಪ್ಪನಿಗೆ ಮಾತ್ರ ಬಹಳ ಸಂತೋಷ. ಕಟ್ಟೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿದ್ದ ಮುದುಕರ ಸಾಲಿನಲ್ಲಿ ತಾನೂ ಹೋಗಿ ಕೂತ. ಅವರಿಗೆ ಕನ್ನಡ ಬರದು, ಇವನಿಗೆ ನೇಪಾಳಿ ಬರದು. ಸಂಜೆಯವರೆಗೂ ಮಾತಾಡಿದರು.

ಕಠ್ಮಂಡು, ಭಾನುವಾರ

ನಾವು ಹೊಕ್ಕ ಅಂಗಡಿಯ ಒಡತಿ ನಡುವಯಸ್ಸಿನ ಹೆಂಗಸು. ಹಿಂದಿ ಚೆನ್ನಾಗಿ ಆಡುತ್ತಿದ್ದಳು. ಮೊದಲು ಕೂರಿಸಿದಳು, ಚಹಾ ತರಿಸಿದಳು, ವಸ್ತುವನ್ನು ಮಾತ್ರ ತೋರಿಸಲಿಲ್ಲ. ಪ್ರಶ್ನೆ ಕೇಳತೊಡಗಿದಳು. ಮನೆಯಲ್ಲಿರುವ ಸೆಟ್ ಯಾವುದು? ಕೇಳುವವರು ಯಾರು? ಕೂತು ಕೇಳುತ್ತಾರೋ, ಮಲಗಿಯೋ? ಒಬ್ಬರೇ ಕೇಳುತ್ತಾರೋ, ಜನರ ನಡುವೆಯೋ? ನಮ್ಮ ಗಂಜ್‌ನಲ್ಲಿ ಮಾಲು ಮುಂದೆ ಸುರಿದು ಬೆಲೆ ಹೇಳುತ್ತಾರೆ. ಇವಳು ಕನ್ಯೆ ನೋಡಲು ಬಂದವರ ಹಾಗೆ ಕುಲಗೋತ್ರ ಕೇಳುತ್ತಿದ್ದಳು. ಬೇರೆ ದಾರಿಯಿಲ್ಲದೆ ಗಡಿಗೆಯ ವಿಷಯವನ್ನೂ ಹೇಳಿದೆ. ಅವಳು ನಗಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದಳು. ಪಕ್ಕದ ಅಂಗಡಿಯವನನ್ನು ಕರೆದು, ಇನ್ನೊಮ್ಮೆ ಹೇಳಿ ಎಂದಳು.

ನನ್ನ ಪುಸ್ತಕದ ಹಿಂದಿ ಗಡಿಗೆಯ ಹತ್ತಿರ ಬಂದಾಗ ನಿಂತುಹೋಯಿತು. ಅಪ್ಪ ಗಂಜ್‌ನಲ್ಲಿ ಕಲಿತ ದಖ್ಖನಿ ಉರ್ದುವಿನಲ್ಲಿ, ಕೈಯಲ್ಲೇ ಗಡಿಗೆ ಮಾಡಿ ತೋರಿಸಿ, ಎಲ್ಲಾ ವಿವರಿಸಿದ. ಅವನು ಬೇಡ ಎನ್ನಲು ನಕ್ಕೋ ಎಂದಾಗಲೆಲ್ಲ ಅವಳಿಗೆ ನಗು. ಆಮೇಲೆ ಅವರಿಬ್ಬರೇ ಮಾತಾಡಿಕೊಂಡರು, ನಾನು ಚಹಾ ಕುಡಿಯಲು ಬಂದವನಂತೆ ಕೂತಿದ್ದೆ.

ಕೊನೆಗೆ ಎರಡು ಹೆಡ್‌ಫೋನು ತಂದಿಟ್ಟಳು. ಒಂದು ತೆಳುವಾದದ್ದು, ಕಿವಿಯ ಮೇಲೆ ಸ್ಪಂಜಿನ ಬಿಲ್ಲೆ ಅಷ್ಟೇ. ಇನ್ನೊಂದು ಎರಡು ಬಟ್ಟಲು ಕವುಚಿ ಹಾಕಿದ ಹಾಗೆ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು. ಅದಕ್ಕೆ ದಪ್ಪ ಪಿನ್ನು, ಸ್ಟೀರಿಯೋ ಬೇಡದವರಿಗೆ ಬದಲಿಸಿಕೊಳ್ಳುವ ಗುಂಡಿಯೂ ಇತ್ತು. ಬಾಬುಮಿಯಾ ಹೇಳಿದ್ದು ಇದೇ ಎಂದು ನನ್ನ ಮನಸ್ಸಿಗೆ ಸಮಾಧಾನವಾಯಿತು. ಅಪ್ಪ ಒಳಜೇಬಿನಿಂದ ಕ್ಯಾಸೆಟ್ ತೆಗೆದುಕೊಟ್ಟ. ಅವಳು ತನ್ನ ಸೆಟ್ಟಿಗೆ ಹಾಕಿ, ದೊಡ್ಡದನ್ನು ಅವನ ತಲೆಗೆ ಏರಿಸಿದಳು.

ಅಪ್ಪ ನನ್ನ ಕೈ ಹಿಡಿದ.

"ಲೇ ಹಣಮ್ಯಾ, ತಿಮ್ಮಣ್ಣನ ಉಸುರು ಕೇಳಾಕತ್ತದ. ಹಿಂದ ಸಣ್ಣಗ ನಾನೂ ಅದೀನಲೇ ಇದ್ರಾಗ."

ತಾಳದ ಹಿಂದೆ, ದೂರದಲ್ಲಿ, ಮೈಕಿಗೆ ಸಿಕ್ಕೀ ಸಿಗದ ಅವನ ಹಳೆಯ ಧ್ವನಿ ಅದರಲ್ಲಿ ಇತ್ತಂತೆ. ಇಷ್ಟು ವರ್ಷ ಅದನ್ನು ಗಡಿಗೆ ನುಂಗಿತ್ತು. ನಾನೂ ಅವನ ಕೈ ಹಿಡಿದುಕೊಂಡೆ. ಒಂದೇ ಕ್ಷಣ. ಮುಂದಿನ ಸಾಲಿಗೆ ಅಪ್ಪ ಬಾಯಿ ತೆಗೆದ.

ಅಷ್ಟು ದೊಡ್ಡ ಧ್ವನಿ ಆ ದೇಹದಲ್ಲಿ ಎಲ್ಲಿತ್ತೋ. ಅಂಡಿಗೆ ಎತ್ತುವಾಗ ಹಾಕುತ್ತಿದ್ದ ಕೂಗಿನಂತೆ ಇತ್ತು. ಕಿವಿ ಮುಚ್ಚಿದ್ದರಿಂದ ತನ್ನ ದನಿ ತನಗೇ ಕೇಳದು, ಕೇಳದಷ್ಟೂ ಎತ್ತರಿಸಿದ. ನಮಗೆ ತಿಮ್ಮಣ್ಣ ಕೇಳುವುದಿಲ್ಲ, ತಾಳ ಕೇಳುವುದಿಲ್ಲ. ಒಂದಿಷ್ಟು ಹೊತ್ತು ಮೌನ, ಇದ್ದಕ್ಕಿದ್ದಂತೆ ಒಬ್ಬ ಮುದುಕನ ಗರ್ಜನೆ, ಮತ್ತೆ ಮೌನ. ಬಾಗಿಲಲ್ಲಿ ಜನ ಸೇರಿದರು. ಒಬ್ಬ ಪೊಲೀಸನೂ ಇಣುಕಿದ. ನಾನು ಭೂಮಿಯೊಳಗೆ ಇಳಿದೆ.

ಒಡತಿ ನನಗೆ ಮೆಲ್ಲಗೆ ಬುದ್ಧಿ ಹೇಳಿದಳು. ತಿರುಗಿ ಹಾಡುವವರಿಗೆ ಸ್ಪಂಜಿನದೇ ಸರಿ, ತಮ್ಮ ದನಿ ತಮಗೆ ಕೇಳಿದರೆ ತಾವೇ ತಗ್ಗಿಸುತ್ತಾರೆ ಎಂದಳು. ಅಪ್ಪನಿಗೆ ಸ್ಪಂಜಿನದು ಹಾಕಿ ನೋಡಿದೆವು. ಬೀದಿಯ ಗದ್ದಲ ಒಳಗೆ ಬಂದು ತಿಮ್ಮಣ್ಣನ ಉಸಿರು ಮಾಯವಾಯಿತು. ಅವನು ಅದನ್ನು ತೆಗೆದಿಟ್ಟು ದೊಡ್ಡದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇದನ್ನ ಕೊಡಸು, ತಮ್ಮಾ. ಬಾಯಿ ಮುಚ್ಕೊಂಡು ಕೇಳ್ತೀನಿ. ಕೂಸಿಗಿ ಸಪ್ಪಳ ಆಗಂಗಿಲ್ಲ."

ಅವನು ಸುಳ್ಳು ಹೇಳುವ ಮನುಷ್ಯನಲ್ಲ. ಕೊಡಿಸಿದೆ.

ಮತ್ತೆ ಸುನೌಲಿ

ಹೆಡ್‌ಫೋನನ್ನು ಧೋತರದಲ್ಲಿ ಸುತ್ತಿ ಚೀಲದ ತಳಕ್ಕೆ ಇಟ್ಟಿದ್ದೆ. ಈ ಕಡೆಯ ಅಧಿಕಾರಿ ಏನಾದರೂ ತಂದಿದ್ದೀರಾ ಎಂದು ಸುಮ್ಮನೆ ಕೇಳಿದರೆ, ಅಪ್ಪ ಇದೆ ಎಂದು ತಾನೇ ಚೀಲ ಬಿಚ್ಚಿ ತೋರಿಸಿದ. ಇದು ಯಾವ ಸೆಟ್ಟಿನದು, ಸೆಟ್ ಎಲ್ಲಿ ಅಡಗಿಸಿದ್ದೀರಿ ಎಂದು ಅವನು ಶುರು ಮಾಡಿದ. ನನಗೆ ಮತ್ತೊಮ್ಮೆ ಗಡಿಗೆಯ ಕಥೆ ಹೇಳುವ ಶಕ್ತಿ ಇರಲಿಲ್ಲ. ಅಧಿಕಾರಿ ಪಿನ್ನನ್ನು ಕೈಯಲ್ಲಿ ಹಿಡಿದು, ಪರೀಕ್ಷೆಗೆಂದು ಬಟ್ಟಲುಗಳನ್ನು ಕಿವಿಗೆ ಹಾಕಿಕೊಂಡ.

ಹೊರಗೆ ಲಾರಿಗಳ ಹಾರ್ನು, ಕೂಲಿಗಳ ಜಗಳ, ರಿಕ್ಷಾದ ಗಂಟೆ. ಅವನ ಮುಖ ಮಾತ್ರ ನಿಧಾನಕ್ಕೆ ಸಡಿಲವಾಯಿತು. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಸಾಹೇಬರೇ ಎಂದು ಕರೆದೆ, ಕೇಳಲಿಲ್ಲ. ಮೇಜು ಬಡಿದೆ, ಕೇಳಲಿಲ್ಲ. ಬಸ್ಸಿನವನು ಹೊರಟೆ ಹೊರಟೆ ಎಂದು ಕೂಗುತ್ತಿದ್ದ. ಕೊನೆಗೆ ಅಪ್ಪನೇ ಹೋಗಿ, ಮಲಗಿದ ಮಗುವಿನ ಕೈಯಿಂದ ಗಿಲಕಿ ತೆಗೆಯುವ ಹಾಗೆ ಬಿಡಿಸಿಕೊಂಡು ಬಂದ.

ರಾಯಚೂರು

ಬಾಬುಮಿಯಾ ದೇವದುರ್ಗದಿಂದ ಬಂದು ತನ್ನ ಡಬ್ಬಿಗೆ ತೂತು ಕೊರೆದು ಪಿನ್ನು ಕೂರಿಸಿಕೊಟ್ಟ. ಅಪ್ಪ ಗೋಡೆಗೆ ಒರಗಿ ಕೂತು, ಹೆಡ್‌ಫೋನು ಹಾಕಿಕೊಂಡು, ಕೊಟ್ಟ ಮಾತು ತಪ್ಪಬಾರದೆಂದು ಟವೆಲಿನ ಚುಂಗನ್ನು ಹಲ್ಲಲ್ಲಿ ಕಚ್ಚಿ ಹಿಡಿದ. ಮನೆ ಗಪ್ಪಾಯಿತು. ಮಗಳು ಲೆಕ್ಕ ಬಿಡಿಸುತ್ತಿದ್ದಳು. ಹೆಂಡತಿ ನನ್ನನ್ನು ಮೆಚ್ಚಿ ನೋಡಿದಳು, ಅಪರೂಪಕ್ಕೆ. ನಾಲ್ಕಾರು ಸಾಲು ಆಗಿರಬೇಕು, ಅಪ್ಪನ ಕಣ್ಣಲ್ಲಿ ನೀರು ಇಳಿಯತೊಡಗಿತು. ತಲೆಯಿಂದ ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡ.

"ಪದ ನೆಲಕ್ಕ ಬೀಳಾಕತ್ತದಲೇ. ತಿಮ್ಮಣ್ಣ ಹಾಡಿ ಹಾಡಿ ನನ್ನ ದಾರಿ ನೋಡ್ತಾನ."

ಮೊಳೆಗೆ ತೂಗುಹಾಕಿದ. ಸೆಟ್ಟಿನ ಮೇಲೆ ಬಟ್ಟೆ ಹೊದಿಸಿದ. ಆಮೇಲೆ ಎಷ್ಟೋ ದಿನ ಹಾಡಲಿಲ್ಲ, ಕೇಳಲಿಲ್ಲ. ಮೊಮ್ಮಗಳ ಓದು ಮುಗಿಯಲಿ ಎಂದು ಬಾಗಿಲ ಹೊರಗೆ ಕೂತ. ಕೇಳಿ ಪಡೆದ ಶಾಂತಿ ಮನೆಗೆ ಬಂದಿತ್ತು. ಆದರೆ ಮಗಳು ಆ ಶಾಂತಿಯಲ್ಲಿ ಒಂದು ಪುಟ ತಿರುವಲಿಲ್ಲ. ಪುಸ್ತಕ ಹಿಡಿದು ಬಾಗಿಲ ಕಡೆ ನೋಡುತ್ತಿದ್ದಳು. ಅಷ್ಟು ದೂರ ಹೋಗಿ ಬಂದು ನಾನು ಕಡಿದು ಕಟ್ಟೆ ಹಾಕಿದ್ದು ಇದೇ ಎಂದು ಮೈ ಉರಿಯಿತು. ಮನೆಯವರನ್ನು ನಗಿಸಲು ಊಟಕ್ಕೆ ಕೂತಾಗ ಸುನೌಲಿಯ ಅಧಿಕಾರಿಯ ಕಥೆ ಹೇಳಿದೆ. ಯಾರೂ ನಗಲಿಲ್ಲ. ಮಗಳು ಮಾತ್ರ, ಪಿನ್ನು ಹಚ್ಚದೆಯೇ ಅವನಿಗೆ ಏನೂ ಕೇಳಲಿಲ್ಲವೇ ಎಂದು ಕೇಳಿದಳು.

ಮರುದಿನ ಕಚೇರಿಯಿಂದ ಬಂದಾಗ ಗಡಿಗೆ ಓಣಿಯ ತುದಿಗೇ ಕೇಳುತ್ತಿತ್ತು. ಒಳಗೆ ಮಗಳು ಹೆಡ್‌ಫೋನು ಹಾಕಿಕೊಂಡು, ಪಿನ್ನನ್ನು ಸೊಂಟಕ್ಕೆ ಸಿಗಿಸಿಕೊಂಡು ಓದುತ್ತಿದ್ದಳು. ಪಕ್ಕದಲ್ಲಿ ಅಪ್ಪ ಕಣ್ಣು ಮುಚ್ಚಿ, ಈಗ ನನಗೂ ಕಿವಿ ಪಳಗಿದ್ದರಿಂದ ಗೊತ್ತಾಯಿತು, ಗಡಿಗೆಗೆ ಸಮನಾಗಿ ಹಾಡುತ್ತಿದ್ದ. ಅವಳೇ ಅವನನ್ನು ಕೈ ಹಿಡಿದು ಒಳಗೆ ಕರೆತಂದು ಕೂರಿಸಿದ್ದಳಂತೆ.

"ನೀ ಹಾಡು ಮುತ್ಯಾ," ಅಂದಿದ್ದಳಂತೆ, "ಇದು ಹಾಕ್ಕೊಂಡ್ರ ನನಗ ಏನೂ ಕೇಳಂಗಿಲ್ಲ."

ಪರೀಕ್ಷೆಯವರೆಗೂ ಹಾಗೇ ನಡೆಯಿತು. ಫಾರಿನ್ ಸಾಮಾನು ನೋಡಲು ಬಂದವರೆಲ್ಲ, ಅದರಲ್ಲಿ ಯಾವ ಹಾಡು ಬರುತ್ತದೆ ಎಂದು ಕೇಳಿದರು. ಏನೂ ಬರುವುದಿಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಯಿತು. ಹೆಂಡತಿಯ ಅಣ್ಣ ಮಾನ್ವಿಯಿಂದ ಬಂದವನು ಸೊಂಟಕ್ಕೆ ಸಿಗಿಸಿದ ಆ ಪಿನ್ನನ್ನು ಬಹಳ ಹೊತ್ತು ನೋಡಿ, ಓದಿ ಓದಿ ಹುಡುಗಿಗೆ ಹೀಗಾಗಿದೆ, ಬೇಗ ಮದುವೆ ಮಾಡಿ ಎಂದ.

ಫಲಿತಾಂಶದ ದಿನವೂ ಅವನು ಬಂದಿದ್ದ, ಹೊಸ ಅಂಗಿ ತೊಟ್ಟು. ಪೇಪರಿನಲ್ಲಿ ಅವಳ ನಂಬರು ಬಂದಿತ್ತು. ಹೆಂಡತಿ ಹುಗ್ಗಿ ಮಾಡಿದಳು. ಅವನು ಉಂಡು, ಮಾನ್ವಿ ಬಸ್ಸಿಗೆ ಹೋದ. ಅಪ್ಪ ಗಡಿಗೆಯ ದನಿಯನ್ನು ಪೂರ್ತಿ ಎತ್ತರಿಸಿ ಕ್ಯಾಸೆಟ್ ಹಾಕಿದ. ತಿಮ್ಮಣ್ಣ ಮೊದಲ ಸಾಲು ಹಾಡಿದ. ಅಪ್ಪ ಬಾಯಿ ತೆಗೆದ, ಸಂತೋಷಕ್ಕೆ ದನಿ ಹೊರಡಲಿಲ್ಲ. ತಾಳ ಬರಿದೇ ಬಾರಿಸುತ್ತಿತ್ತು.

ಅಡಿಗೆ ಒಲೆಯ ಹತ್ತಿರದಿಂದ ಮಗಳು ಆ ಸಾಲನ್ನು ಎತ್ತಿಕೊಂಡಳು. ಒಂದು ಅಕ್ಷರ ತಪ್ಪದೆ, ತಿಮ್ಮಣ್ಣ ಎಳೆದಲ್ಲಿ ಎಳೆದು, ನಿಲ್ಲಿಸಿದಲ್ಲಿ ನಿಲ್ಲಿಸಿ. ಎರಡನೆಯದನ್ನೂ ಎತ್ತಿಕೊಂಡಳು, ಮೂರನೆಯದನ್ನೂ. ಏನೂ ಕೇಳುವುದಿಲ್ಲ ಎಂದಿದ್ದವಳಿಗೆ ಕ್ಯಾಸೆಟ್ಟಿನ ಎಲ್ಲಾ ಪದಗಳೂ ಬಾಯಿಗೆ ಬರುತ್ತಿದ್ದವು. ಅಪ್ಪ ನನ್ನ ಮುಖ ನೋಡಿದ. ನಾನು ಮೊಳೆಗೆ ತೂಗುಬಿದ್ದ ಹೆಡ್‌ಫೋನನ್ನು ನೋಡಿದೆ. ಅಷ್ಟು ದೂರದಿಂದ ಹೊತ್ತು ತಂದ ಆ ವಸ್ತು ನಮ್ಮ ಮನೆಯಲ್ಲಿ ಒಂದು ದಿನವೂ ತನ್ನ ಕೆಲಸ ಮಾಡಿರಲಿಲ್ಲ.